ಕೊರಿಯದ ಪ್ರಣಯ ಧಾರಾವಾಹಿಗಳ ನಾಯಕಿ ಮತ್ತು ಕನ್ನಡದ ಕಥಾನಾಯಕಿ: ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳಿಂದ ಒಂದು ಚಾರಿತ್ರಿಕ ನೋಟ

ಜನಪ್ರಿಯ ಕಥನಗಳಲ್ಲಿ ಪ್ರೇಮದ ವಸ್ತುವು ಕಾಲಾತೀತವಾದುದೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಪ್ರೇಮಿಸುವ ಸ್ತ್ರೀಗೆ ಕಥನವು ಯಾವ ಅಂತ್ಯವನ್ನು ಕರುಣಿಸುತ್ತದೆ ಎಂಬುದು ಕಾಲಬದ್ಧವಾದ ಸಂಗತಿ. ಆಕೆಯ ಹೆಸರು ಯಾವ ಮನೆತನದ ಪಟ್ಟಿಯಲ್ಲಿದೆ, ಆಕೆಗೆ ಆಸ್ತಿಯಲ್ಲಿ ಪಾಲುಂಟೇ, ಆಕೆಯ ದುಡಿಮೆಯ ಫಲ ಯಾರ ಕೈಸೇರುತ್ತದೆ ಎಂಬ ಪ್ರಶ್ನೆಗಳೊಡನೆ ಆ ಅಂತ್ಯವು ನಿಕಟವಾಗಿ ಹೆಣೆದುಕೊಂಡಿರುತ್ತದೆ. ದಕ್ಷಿಣ ಕೊರಿಯದ ಪ್ರಣಯ ಧಾರಾವಾಹಿಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಏಷ್ಯಾದಾದ್ಯಂತ ಪಡೆದ ಜನಪ್ರಿಯತೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ಆ ಧಾರಾವಾಹಿಗಳ ನಾಯಕಿಯ ವಿಕಾಸವನ್ನು ಗುರುತಿಸಿ, ಅದನ್ನು ಕನ್ನಡದ ಕಾದಂಬರಿ, ಚಲನಚಿತ್ರ ಹಾಗೂ ಕಿರುತೆರೆಯ ನಾಯಕಿಯೊಡನೆ ಹೋಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಯ ನೆಲೆಯಾಗಿ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳನ್ನು ಆರಿಸಿಕೊಳ್ಳಲಾಗಿದೆ. ವಿವಾಹ ಕಾನೂನಿನ ಇತಿಹಾಸ ಮತ್ತು ಬಹುಭಾಷಿಕ ಪರಿಸರ, ಇವೆರಡೂ ಈ ಪ್ರದೇಶದಲ್ಲಿ ವಿಶಿಷ್ಟವಾಗಿ ಕೂಡಿಬಂದಿರುವುದೇ ಇದಕ್ಕೆ ಕಾರಣ.

1. ನಾಲ್ಕು ತಾಲ್ಲೂಕುಗಳ ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲಿಯೇ ಉಳಿಯಿತು. ಇದರ ಪರಿಣಾಮವಾಗಿ ಇಲ್ಲಿನ ಸ್ತ್ರೀಯರ ವೈವಾಹಿಕ ಬದುಕನ್ನು ಮುಂಬಯಿಯ ಶಾಸನಗಳು ನಿಯಂತ್ರಿಸಿದವು. 1934ರ ಮುಂಬಯಿ ದೇವದಾಸಿ ಸಂರಕ್ಷಣಾ ಕಾಯಿದೆ, 1946ರ ಹಿಂದೂ ದ್ವಿಪತ್ನಿತ್ವ ನಿಷೇಧ ಕಾಯಿದೆ, 1947ರ ಹಿಂದೂ ವಿಚ್ಛೇದನ ಕಾಯಿದೆಗಳು ಈ ಜಿಲ್ಲೆಗೂ ಅನ್ವಯಿಸಿದವು. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು ಆಸ್ತಿಯ ವಿಷಯದಲ್ಲಿ ಮುಂದಡಿಯಿಟ್ಟಿತ್ತು; ವಿಚ್ಛೇದನದ ವಿಷಯದಲ್ಲಿ ಮುಂಬಯಿ ಪ್ರಾಂತ ಮುಂದಿತ್ತು. ಹೀಗೆ ಹಳಿಯಾಳದ ಅಥವಾ ಸೂಪಾದ ಹಿಂದೂ ಸ್ತ್ರೀಯೊಬ್ಬಳಿಗೆ ನ್ಯಾಯಾಲಯದ ಮೂಲಕ ವಿವಾಹಬಂಧನದಿಂದ ಬಿಡುಗಡೆ ಪಡೆಯುವ ಅವಕಾಶವು 1955ರ ಹಿಂದೂ ವಿವಾಹ ಕಾಯಿದೆಗೆ ಎಂಟು ವರ್ಷ ಮೊದಲೇ ದೊರೆತಿತ್ತು. ಕಾನೂನಿನ ಅವಕಾಶವು ಬಳಕೆಗೆ ಬರುವುದು ಬೇರೆಯೇ ಮಾತು. ಆದರೆ ಕಲ್ಪನೆಯ ಮಟ್ಟಿಗಾದರೂ ವಿವಾಹವು ಮುರಿಯಲಾಗದ ಗಂಟಾಗಿ ಉಳಿದಿರಲಿಲ್ಲ.

ಜನಜೀವನದ ದೃಷ್ಟಿಯಿಂದಲೂ ಈ ತಾಲ್ಲೂಕುಗಳು ಏಕರೂಪವಾಗಿಲ್ಲ. ಹಳಿಯಾಳದ ಕಡೆ ಕನ್ನಡದೊಡನೆ ಮರಾಠಿ, ಜೋಯಿಡಾದ ಕಾಡುಗಳಲ್ಲಿ ಕುಣಬಿಗಳ ಕೊಂಕಣಿ, ಪಟ್ಟಣಗಳಲ್ಲಿ ಉರ್ದು ಬಳಕೆಯಲ್ಲಿವೆ. ಇತ್ತೀಚಿನವರೆಗೆ ಹಳಿಯಾಳ ತಾಲ್ಲೂಕಿಗೆ ಸೇರಿದ್ದ ದಾಂಡೇಲಿಯು 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಿಂದಾಗಿ ನಾನಾ ಪ್ರಾಂತಗಳ ಕಾರ್ಮಿಕರ ಊರಾಯಿತು. ಕಾಳಿ ನದಿಯ ಸೂಪಾ ಅಣೆಕಟ್ಟಿನಲ್ಲಿ ಹಳೆಯ ಸೂಪಾ ಪೇಟೆ ಮುಳುಗಿದಾಗ ನಿರ್ವಸಿತರಾದ ಅನೇಕ ಕುಟುಂಬಗಳು ರಾಮನಗರದಲ್ಲಿ ನೆಲೆಗೊಂಡವು. ಮುಂಡಗೋಡದ ಬಳಿ 1966ರಲ್ಲಿ ಟಿಬೆಟ್ ನಿರಾಶ್ರಿತರ ವಸತಿ ಆರಂಭವಾಯಿತು. ಹಳಿಯಾಳ, ಮುಂಡಗೋಡ ಭಾಗಗಳಲ್ಲಿರುವ ಸಿದ್ದಿ ಸಮುದಾಯವು ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿದ್ದರೂ ಅವರ ನಡುವೆ ವೈವಾಹಿಕ ಸಂಬಂಧಗಳು ನಡೆದು ಬಂದಿರುವುದನ್ನು ಸಮಾಜಶಾಸ್ತ್ರಜ್ಞರು ಗುರುತಿಸಿದ್ದಾರೆ. ಮನೆಯ ಮಾತೊಂದು, ಸಂತೆಯ ಮಾತೊಂದು, ಶಾಲೆಯ ಮಾತು ಮತ್ತೊಂದು ಎಂಬ ಸ್ಥಿತಿಯೇ ಇಲ್ಲಿ ಸಹಜವಾದುದು. ಪರಭಾಷೆಯ ಕಥನವೊಂದನ್ನು ನೋಡುವುದು ಇಂತಹ ಪ್ರದೇಶದಲ್ಲಿ ಹೊಸ ಅನುಭವವೇನೂ ಅಲ್ಲ.

2. ಕೊರಿಯದ ನಾಯಕಿ: ಚುನ್‌ಹ್ಯಾಂಗ್‌ಳಿಂದ ಸ್ಯಾಮ್ ಸೂನ್‌ವರೆಗೆ

ಕೊರಿಯದ ಪ್ರೇಮಕಥನಗಳ ಮೂಲಮಾತೃಕೆಯೆಂದರೆ ಪಾನ್ಸೋರಿ ಎಂಬ ಹಾಡುಗಥೆಯ ಪರಂಪರೆಯಲ್ಲಿ ಉಳಿದುಬಂದ ಚುನ್‌ಹ್ಯಾಂಗ್‌ಳ ಕಥೆ. ನಾಮ್‌ವನ್ ಪಟ್ಟಣದ ಗಣಿಕೆಯೊಬ್ಬಳ ಮಗಳಾದ ಚುನ್‌ಹ್ಯಾಂಗ್ ಅಧಿಕಾರಿಯ ಮಗನನ್ನು ಪ್ರೀತಿಸಿ, ಆತ ರಾಜಧಾನಿಗೆ ಹೋದ ಮೇಲೆ ಹೊಸ ಅಧಿಕಾರಿಯ ಕಾಮನೆಗೆ ಮಣಿಯದೆ ಸೆರೆವಾಸವನ್ನು ಅನುಭವಿಸುತ್ತಾಳೆ. ಕೊನೆಗೆ ರಾಜನ ಗುಪ್ತ ಪರಿವೀಕ್ಷಕನಾಗಿ ಮರಳಿದ ಪ್ರಿಯಕರನು ಆಕೆಯನ್ನು ಬಿಡಿಸುತ್ತಾನೆ. ಈ ಕಥೆಯಲ್ಲಿ ಪ್ರೇಮವು ಕುಲದ ಎಲ್ಲೆಯನ್ನು ಮೀರುತ್ತದೆ. ಆದರೆ ಮೀರುವ ಶಕ್ತಿ ನಾಯಕಿಯ ಸಹನೆಯಲ್ಲಿದೆ, ಬಿಡುಗಡೆಯ ಅಧಿಕಾರ ನಾಯಕನ ಕೈಯಲ್ಲಿದೆ. ನಂತರದ ಅನೇಕ ಧಾರಾವಾಹಿಗಳಲ್ಲಿ ಕಾಣುವ ಸಿರಿವಂತ ಯುವಕ ಮತ್ತು ಬಡ ಹುಡುಗಿಯ ವಿನ್ಯಾಸದ ಹಿಂದೆ ಈ ಕಥೆಯ ನೆರಳಿದೆ.

ಆಧುನಿಕ ಕೊರಿಯದಲ್ಲಿ ಸ್ತ್ರೀಯ ಸ್ಥಾನವನ್ನು ನಿರ್ಧರಿಸಿದ್ದು 'ಹೋಜು' ಎಂಬ ಕುಟುಂಬ ಯಜಮಾನಿಕೆಯ ಪದ್ಧತಿ. ಪ್ರತಿಯೊಂದು ಕುಟುಂಬವೂ ಒಬ್ಬ ಯಜಮಾನನ ಹೆಸರಿನಲ್ಲಿ ನೋಂದಣಿಯಾಗಬೇಕಿತ್ತು. ಮದುವೆಯಾದ ಹೆಣ್ಣಿನ ಹೆಸರು ತಂದೆಯ ಪಟ್ಟಿಯಿಂದ ಅಳಿದು ಗಂಡನ ಪಟ್ಟಿಗೆ ಸೇರುತ್ತಿತ್ತು. ಗಂಡ ಸತ್ತರೆ ಯಜಮಾನಿಕೆಯು ಹೆಂಡತಿಗಲ್ಲದೆ ಮಗನಿಗೆ, ಆತ ಎಳೆಯ ಮಗುವಾಗಿದ್ದರೂ, ಸಲ್ಲುತ್ತಿತ್ತು. ವಿಚ್ಛೇದಿತ ತಾಯಿ ಮಕ್ಕಳನ್ನು ಸಾಕಿದರೂ ಅವರ ಹೆಸರು ತಂದೆಯ ಪಟ್ಟಿಯಲ್ಲಿಯೇ ಉಳಿಯುತ್ತಿತ್ತು. 1991ರ ಜನವರಿಯಿಂದ ಜಾರಿಗೆ ಬಂದ ಕೌಟುಂಬಿಕ ಕಾನೂನಿನ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲನ್ನೂ ವಿಚ್ಛೇದಿತೆಗೆ ಆಸ್ತಿ ವಿಭಜನೆಯ ಹಕ್ಕನ್ನೂ ನೀಡಿತು. ಒಂದೇ ಮೂಲದ ಒಂದೇ ಮನೆತನದ ಹೆಸರಿನವರು ಮದುವೆಯಾಗಬಾರದೆಂಬ ನಿಷೇಧವನ್ನು ಸಂವಿಧಾನ ನ್ಯಾಯಾಲಯವು 1997ರಲ್ಲಿ ತಳ್ಳಿಹಾಕಿತು. 2005ರಲ್ಲಿ ಹೋಜು ಪದ್ಧತಿಯು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಅದೇ ನ್ಯಾಯಾಲಯ ತೀರ್ಪಿತ್ತಿತು. 2008ರ ಜನವರಿ 1ರಿಂದ ಅದು ರದ್ದಾಯಿತು.

ಪ್ರಣಯ ಧಾರಾವಾಹಿಗಳ ಇತಿಹಾಸವನ್ನು ಈ ಕಾನೂನುಗಳ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ನಡಿಗೆ ಸ್ಪಷ್ಟವಾಗುತ್ತದೆ. ಎಂಬಿಸಿ ವಾಹಿನಿಯಲ್ಲಿ 1992ರಲ್ಲಿ ಪ್ರಸಾರವಾದ, 'ಮತ್ಸರ' ಎಂಬ ಅರ್ಥದ ಶೀರ್ಷಿಕೆಯುಳ್ಳ ಹದಿನಾರು ಕಂತುಗಳ ಧಾರಾವಾಹಿಯನ್ನು ಹೊಸ ಬಗೆಯ ನಗರಪ್ರಣಯದ ಆರಂಭವೆಂದು ಪರಿಗಣಿಸಲಾಗುತ್ತದೆ. ಜಪಾನಿನ 'ಟೋಕಿಯೊ ಲವ್ ಸ್ಟೋರಿ' (1991) ಮೊದಲಾದವುಗಳ ಪ್ರಭಾವ ಅದರ ಮೇಲಿತ್ತು. ಅಲ್ಲಿ ಪ್ರೇಮಿಗಳ ನಡುವೆ ಅತ್ತೆ ಮಾವಂದಿರ ಮನೆಗಿಂತ ಕಚೇರಿ, ಅಂಗಡಿ, ಬೀದಿಗಳೇ ಮುಖ್ಯವಾದವು.

2000ದ 'ಆಟಮ್ ಇನ್ ಮೈ ಹಾರ್ಟ್' ಮತ್ತು 2002ರ 'ವಿಂಟರ್ ಸೊನಾಟಾ' ಧಾರಾವಾಹಿಗಳು ಮತ್ತೊಂದು ಘಟ್ಟವನ್ನು ಸೂಚಿಸುತ್ತವೆ. ಇವೆರಡನ್ನೂ ಯೂನ್ ಸೊಕ್ ಹೊ ನಿರ್ದೇಶಿಸಿದರು. ಮೊದಲನೆಯದರಲ್ಲಿ ನಾಯಕಿಯು ರಕ್ತದ ಕ್ಯಾನ್ಸರಿಗೆ ತುತ್ತಾಗುತ್ತಾಳೆ; ಎರಡನೆಯದರಲ್ಲಿ ಆಕೆ ಕಳೆದುಹೋದ ಮೊದಲ ಪ್ರೇಮದ ನೆನಪನ್ನು ಹೊತ್ತು ನಡೆಯುತ್ತಾಳೆ. ನಾಯಕಿಯ ಶುದ್ಧತೆ ಇಲ್ಲಿ ಆಕೆಯ ಕಣ್ಣೀರಿನಿಂದ ಸಿದ್ಧವಾಗುತ್ತದೆ. 2003ರಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರ ಮಾಡಿದ 'ವಿಂಟರ್ ಸೊನಾಟಾ' ಅಲ್ಲಿನ ಮಧ್ಯವಯಸ್ಸಿನ ಸ್ತ್ರೀಯರನ್ನು ಸೆಳೆದದ್ದು ಪ್ರಸಿದ್ಧವಾಗಿದೆ. ಅದೇ ವೇಳೆಗೆ ಬಂದ 'ದೇ ಜಾಂಗ್ ಗೂಮ್' (2003-04) ಹದಿನಾರನೆಯ ಶತಮಾನದ ಅರಮನೆಯಲ್ಲಿ ಅಡುಗೆಯಿಂದ ತೊಡಗಿ ರಾಜವೈದ್ಯೆಯ ಪದವಿಗೇರಿದ ಸ್ತ್ರೀಯನ್ನು ಐವತ್ತನಾಲ್ಕು ಕಂತುಗಳಲ್ಲಿ ಚಿತ್ರಿಸಿತು. ಅಲ್ಲಿ ಪ್ರೇಮವಿದೆ, ಆದರೆ ವಿದ್ಯೆ ಮತ್ತು ವೃತ್ತಿಯ ನಂತರದ ಸ್ಥಾನ ಅದಕ್ಕಿದೆ.

ನಿರ್ಣಾಯಕ ತಿರುವು 2005ರ 'ಮೈ ಲವ್ಲಿ ಸ್ಯಾಮ್ ಸೂನ್'. ಹೋಜು ಪದ್ಧತಿಯ ವಿರುದ್ಧ ತೀರ್ಪು ಬಂದ ಕೆಲವೇ ತಿಂಗಳುಗಳಲ್ಲಿ ಪ್ರಸಾರವಾದ ಈ ಧಾರಾವಾಹಿಯ ನಾಯಕಿಯು ಮೂವತ್ತರ ಹೊಸ್ತಿಲಲ್ಲಿರುವ, ಸ್ಥೂಲಕಾಯದ, ಬಾಯಿಬಿಟ್ಟು ಮಾತನಾಡುವ ಕೇಕು ತಯಾರಕಿ. ಮನೆಯ ಮೂರನೆಯ ಮಗಳಾದ ಆಕೆಗೆ ತನ್ನ ಹಳೆಯ ಕಾಲದ ಹೆಸರಿನ ಬಗ್ಗೆ ನಾಚಿಕೆ. ಅದನ್ನು ಬದಲಾಯಿಸಲು ಹೊರಟವಳು ಕೊನೆಗೆ ಅದೇ ಹೆಸರನ್ನು ಒಪ್ಪಿಕೊಳ್ಳುತ್ತಾಳೆ. ಕಥೆ ಮದುವೆಯಲ್ಲಿ ಮುಗಿಯುವುದಿಲ್ಲ. ನಾಯಕನ ತಾಯಿಯ ಒಪ್ಪಿಗೆ ದೊರೆಯದಿದ್ದರೂ ನಾಯಕಿಯು ತನ್ನ ಕೆಲಸವನ್ನೂ ಪ್ರೇಮವನ್ನೂ ಮುಂದುವರಿಸುತ್ತಾಳೆ. ಕೊನೆಯ ಕಂತಿನ ವೀಕ್ಷಣೆಯ ಪ್ರಮಾಣ ಶೇ. 50ನ್ನು ದಾಟಿತು. ಹೆಸರು ಯಾವ ಪಟ್ಟಿಗೆ ಸೇರಬೇಕೆಂದು ರಾಷ್ಟ್ರವೇ ಚರ್ಚಿಸುತ್ತಿದ್ದ ವರ್ಷದಲ್ಲಿ ತನ್ನ ಹೆಸರಿನೊಡನೆ ರಾಜಿ ಮಾಡಿಕೊಂಡ ನಾಯಕಿಯು ಜನಮನ್ನಣೆ ಪಡೆದದ್ದು ಗಮನಾರ್ಹ.

ಅದೇ ವರ್ಷ ಹಾಂಗ್ ಸಹೋದರಿಯರು ಬರೆದ ಧಾರಾವಾಹಿಯೊಂದು ಚುನ್‌ಹ್ಯಾಂಗ್‌ಳ ಕಥೆಯನ್ನು ಇಂದಿನ ಕಾಲಕ್ಕೆ ತಂದಿತು. ಹೊಸ ಚುನ್‌ಹ್ಯಾಂಗ್ ತನ್ನ ಕೈಯಾರೆ ಆಭರಣಗಳನ್ನು ಮಾಡಿ ಮಾರಿ ಬದುಕುವವಳು. ಮುಂದೆ 'ಸೀಕ್ರೆಟ್ ಗಾರ್ಡನ್' (2010) ಸಾಹಸ ಕಲಾವಿದೆಯನ್ನೂ 'ವೆನ್ ದ ಕಮೀಲಿಯ ಬ್ಲೂಮ್ಸ್' (2019) ಸಣ್ಣ ಊರಿನಲ್ಲಿ ಮದ್ಯದಂಗಡಿ ನಡೆಸುವ ಅವಿವಾಹಿತ ತಾಯಿಯನ್ನೂ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' (2019-20) ಸ್ವಂತ ಉದ್ಯಮ ಕಟ್ಟಿದ ಮಗಳನ್ನೂ ನಾಯಕಿಯರನ್ನಾಗಿಸಿದವು. ತಾಯಿಯೊಬ್ಬಳು ತನ್ನ ಮಗುವಿನೊಡನೆ ಪ್ರೇಮಕ್ಕೆ ಅರ್ಹಳೆಂಬ ಕಥೆಯು ಹೋಜು ಕಾಲದ ಪಟ್ಟಿಯಲ್ಲಿ ಸ್ಥಾನ ಪಡೆಯಲಾರದ ಕುಟುಂಬದ ಕಥೆಯೇ ಆಗಿದೆ.

ಈ ಧಾರಾವಾಹಿಗಳಲ್ಲಿ ಬಹುಪಾಲನ್ನು ಬರೆದವರು ಸ್ತ್ರೀಯರೆಂಬುದೂ ಮುಖ್ಯ. ಕಿಮ್ ಸೂ ಹ್ಯುನ್, ಕಿಮ್ ಯಂಗ್ ಹ್ಯುನ್, ಕಿಮ್ ಯುನ್ ಸೂಕ್, ಪಾರ್ಕ್ ಜಿ ಯುನ್ ಮೊದಲಾದ ಲೇಖಕಿಯರ ಹೆಸರುಗಳು ನಟನಟಿಯರ ಹೆಸರುಗಳಷ್ಟೇ ಅಲ್ಲಿ ಪರಿಚಿತವಾಗಿವೆ.

3. ಕನ್ನಡದ ನಾಯಕಿ: ನಿರಾಕರಣೆ ಮತ್ತು ದುರಂತ

ಕನ್ನಡದಲ್ಲಿಯೂ ಪ್ರೇಮಿಸುವ ನಾಯಕಿಯನ್ನು ಓದುಗರ ಮುಂದೆ ತಂದವರಲ್ಲಿ ಲೇಖಕಿಯರು ಪ್ರಮುಖರು. ತ್ರಿವೇಣಿ (1928-1963), ಎಂ.ಕೆ. ಇಂದಿರಾ, ಅನುಪಮಾ ನಿರಂಜನ, ಅನಂತರ ಸಾಯಿಸುತೆ ಮೊದಲಾದವರ ಕಾದಂಬರಿಗಳು ವಾರಪತ್ರಿಕೆಗಳ ಪುಟಗಳಲ್ಲಿ ಹಾಗೂ ಬಾಡಿಗೆ ಪುಸ್ತಕಾಲಯಗಳ ಮೂಲಕ ಮನೆಮನೆಯ ಸ್ತ್ರೀಯರನ್ನು ತಲುಪಿದವು. 'ಧಾರಾವಾಹಿ' ಎಂಬ ಪದವೇ ಮೊದಲು ಪತ್ರಿಕೆಯ ಕಾದಂಬರಿಗೆ ಸಂದು ಅನಂತರ ಕಿರುತೆರೆಗೆ ಬಂದುದು. ಹೀಗಾಗಿ ಕಿರುತೆರೆಯ ನಾಯಕಿಯ ಪೂರ್ವಜೆ ಪುಸ್ತಕದಲ್ಲಿದ್ದಾಳೆ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ನಿರ್ದೇಶಿಸಿದ 'ಬೆಳ್ಳಿಮೋಡ' ಈ ಚರ್ಚೆಯಲ್ಲಿ ಕೇಂದ್ರ ಸ್ಥಾನ ಪಡೆಯಬೇಕಾದ ಕೃತಿ. ಚಿಕ್ಕಮಗಳೂರು ಸೀಮೆಯ ಸಿರಿವಂತ ತೋಟಗಾರನ ಒಬ್ಬಳೇ ಮಗಳಾದ ಇಂದಿರೆಯನ್ನು ಮದುವೆಯಾಗಲು ಮೋಹನ ಒಪ್ಪಿರುತ್ತಾನೆ. ಆತನ ವಿದೇಶ ವ್ಯಾಸಂಗದ ವೆಚ್ಚವನ್ನೂ ಆಕೆಯ ತಂದೆಯೇ ಭರಿಸಿರುತ್ತಾನೆ. ಆದರೆ ಇಂದಿರೆಗೆ ತಮ್ಮನೊಬ್ಬ ಹುಟ್ಟಿ ಆಸ್ತಿಯ ವಾರಸಿಕೆ ಆಕೆಯ ಕೈತಪ್ಪಿದೊಡನೆ ಮೋಹನನ ಒಲವೂ ಸರಿಯುತ್ತದೆ. ಮುಂದೆ ಗಾಯಗೊಂಡ ಆತನನ್ನು ಇಂದಿರೆ ಉಪಚರಿಸುತ್ತಾಳೆ. ಪಶ್ಚಾತ್ತಾಪದಿಂದ ಆತ ಮದುವೆಯ ಮಾತೆತ್ತಿದಾಗ ಆಕೆ ನಿರಾಕರಿಸುತ್ತಾಳೆ. ಹೆಣ್ಣಿನ ಮೇಲಿನ ಪ್ರೇಮವು ಆಕೆಯ ಪಾಲಿನ ಆಸ್ತಿಯೊಡನೆ ಏರಿಳಿಯುತ್ತದೆಂಬ ಸತ್ಯವನ್ನು ಇಷ್ಟು ನೇರವಾಗಿ ಹೇಳಿದ ಪ್ರಣಯ ಕಥೆಗಳು ಅಪರೂಪ. ಮಗಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ ರಾಷ್ಟ್ರಮಟ್ಟದಲ್ಲಿ 2005ರಲ್ಲಿಯೂ ಜಾರಿಗೆ ಬಂದಿತು. ಕಾನೂನಿಗಿಂತ ಎಷ್ಟೋ ಮೊದಲೇ ಇಂದಿರೆ ಆ ಪ್ರಶ್ನೆಯನ್ನು ಎತ್ತಿದ್ದಳು.

ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಬಂದ 'ಗೆಜ್ಜೆಪೂಜೆ' (1969) ಚುನ್‌ಹ್ಯಾಂಗ್‌ಳ ಕಥೆಯ ಕನ್ನಡದ ಪ್ರತಿಮುಖದಂತಿದೆ. ಇಲ್ಲಿಯೂ ನಾಯಕಿ ಚಂದ್ರಾ ಗಣಿಕೆಯ ವಂಶದವಳು. ಇಲ್ಲಿಯೂ ಆಕೆ ಬಯಸುವುದು ಒಬ್ಬನನ್ನು ಪ್ರೀತಿಸಿ ಮದುವೆಯಾಗುವ ಮರ್ಯಾದೆಯ ಬದುಕನ್ನು. ಆದರೆ ಯಾವ ಪರಿವೀಕ್ಷಕನೂ ಬಂದು ಆಕೆಯನ್ನು ಬಿಡಿಸುವುದಿಲ್ಲ. ಕಥೆ ದುರಂತದಲ್ಲಿ ಕೊನೆಗೊಳ್ಳುತ್ತದೆ. 'ಶರಪಂಜರ'ದಲ್ಲಿ (1971) ಬಾಣಂತನದ ನಂತರದ ಮಾನಸಿಕ ಕಾಯಿಲೆಯಿಂದ ಗುಣಮುಖಳಾಗಿ ಮನೆಗೆ ಮರಳಿದ ಕಾವೇರಿಯನ್ನು ಗಂಡನೂ ಸಮಾಜವೂ ಒಪ್ಪಿಕೊಳ್ಳದೆ ಮತ್ತೆ ಆಸ್ಪತ್ರೆಗೆ ತಳ್ಳುತ್ತವೆ. ಈ ಮೂರೂ ಚಿತ್ರಗಳಲ್ಲಿ ಕಲ್ಪನಾ ಅಭಿನಯಿಸಿದ ನಾಯಕಿಯರು ಪ್ರೇಮದ ಬೆಲೆ ತೆತ್ತವರು. ಆದರೆ ಆ ಬೆಲೆಯನ್ನು ಯಾರು ವಸೂಲು ಮಾಡಿದರೆಂಬುದನ್ನು ಈ ಕೃತಿಗಳು ಮರೆಮಾಚಲಿಲ್ಲ. ಕೊರಿಯದ ನಾಯಕಿಗೆ ದೊರೆತ ಸುಖಾಂತ್ಯ ಇವರಿಗೆ ದೊರೆಯದಿದ್ದರೂ ಕಥೆಗೊಂದು ನಿಶ್ಚಿತ ಅಂತ್ಯವಿತ್ತು. ಆ ಅಂತ್ಯದಲ್ಲಿ ಒಂದು ತೀರ್ಪಿತ್ತು.

4. ಅಂತ್ಯವಿಲ್ಲದ ಕಥನ

ಬೆಂಗಳೂರು ದೂರದರ್ಶನದ ಕಾಲದಲ್ಲಿ ಕನ್ನಡ ಧಾರಾವಾಹಿಗಳು ವಾರಕ್ಕೊಂದರಂತೆ ಹದಿಮೂರು ಕಂತುಗಳ ಮಿತಿಯಲ್ಲಿ ಬರುತ್ತಿದ್ದುದೇ ಹೆಚ್ಚು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ವಾಹಿನಿಗಳು ಆರಂಭವಾದ ಮೇಲೆ ದೈನಿಕ ಧಾರಾವಾಹಿಯೇ ಕಿರುತೆರೆಯ ಮುಖ್ಯ ಪ್ರಕಾರವಾಯಿತು. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' (1998), ಅನಂತರದ 'ಮನ್ವಂತರ', 'ಮುಕ್ತ' ಮೊದಲಾದವು ದೈನಿಕದ ಚೌಕಟ್ಟಿನಲ್ಲಿಯೂ ಸಾಮಾಜಿಕ ಸಮಸ್ಯೆಗಳನ್ನು, ವಿದ್ಯಾವಂತ ಸ್ತ್ರೀಯರ ಆಯ್ಕೆಗಳನ್ನು ಚರ್ಚಿಸಿದವು. ಆದರೆ ವಾರವಾರದ ವೀಕ್ಷಣಾ ಅಂಕಗಳು ಕಥೆಯ ಆಯುಷ್ಯವನ್ನು ನಿರ್ಧರಿಸತೊಡಗಿದಂತೆ ಪ್ರೇಮದ ಕಥೆಯು ಮದುವೆಯೊಡನೆ ಮುಗಿಯದೆ ಗಂಡನ ಮನೆಯ ಒಳಸಂಚುಗಳ ಕಥೆಯಾಗಿ ಬೆಳೆಯಿತು. 2013ರಿಂದ 2020ರವರೆಗೆ ಪ್ರಸಾರವಾದ 'ಅಗ್ನಿಸಾಕ್ಷಿ' ಇದಕ್ಕೊಂದು ನಿದರ್ಶನ. ಪ್ರೇಮವು ಇಲ್ಲಿ ನಾಯಕಿಯ ನಿರ್ಧಾರವಾಗುವುದಕ್ಕಿಂತ ಆಕೆಯ ಸಹನೆಯ ಪರೀಕ್ಷೆಯಾಗುತ್ತದೆ. ಅಂತ್ಯವನ್ನು ಮುಂದೂಡುವುದೆಂದರೆ ನಾಯಕಿಯ ನಿರಾಕರಣೆಯನ್ನೂ ಮುಂದೂಡುವುದೆಂದೇ ಅರ್ಥ. 'ಬೆಳ್ಳಿಮೋಡ'ದ ಇಂದಿರೆಯಂತೆ ಆಕೆ ಇಲ್ಲವೆಂದು ಹೇಳಿಬಿಟ್ಟರೆ ಧಾರಾವಾಹಿಯೇ ನಿಂತುಹೋಗುತ್ತದೆ. ಕನ್ನಡ ಶಿಕ್ಷಕಿಯನ್ನು ನಾಯಕಿಯಾಗಿಸಿದ 'ಕನ್ನಡತಿ' (2020-23), ಮೂವರು ಹೆಣ್ಣುಮಕ್ಕಳ ತಾಯಿಯನ್ನು ಕೇಂದ್ರದಲ್ಲಿಟ್ಟ 'ಪುಟ್ಟಕ್ಕನ ಮಕ್ಕಳು' (2021) ಮೊದಲಾದವು ಭಿನ್ನ ಹಾದಿಯನ್ನು ಅರಸಿವೆಯಾದರೂ ದೈನಿಕದ ಉದ್ದವು ಅವುಗಳ ಮೇಲೂ ಒತ್ತಡ ಹೇರಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೊರಿಯದಲ್ಲಿಯೂ ನೂರಕ್ಕೂ ಹೆಚ್ಚು ಕಂತುಗಳ ದೈನಿಕಗಳಿವೆ. ಅಲ್ಲಿಯೂ ಕ್ರೂರ ಅತ್ತೆ, ಸೇಡಿನ ಸೊಸೆ ಇದ್ದಾರೆ. 2008-09ರ 'ಟೆಂಪ್ಟೇಷನ್ ಆಫ್ ವೈಫ್' ಅಂತಹುದೇ. ವಾರಕ್ಕೆರಡರಂತೆ ಎಂಟು ಹತ್ತು ವಾರಗಳಲ್ಲಿ ಮುಗಿಯುವ ಹದಿನಾರು ಇಪ್ಪತ್ತು ಕಂತುಗಳ ಪ್ರಣಯ ಧಾರಾವಾಹಿಯೇ ಭಾರತಕ್ಕೆ ಹೆಚ್ಚಾಗಿ ಬಂದುದರಿಂದ ಅದನ್ನೇ ಕೊರಿಯದ ಸಮಗ್ರ ಕಿರುತೆರೆಯೆಂದು ಭಾವಿಸಲಾಗುತ್ತದೆ. ಜೊತೆಗೆ ಪರದೆಯ ಮೇಲಿನ ನಾಯಕಿಯ ಗೆಲುವು ಸಮಾಜದ ಗೆಲುವಲ್ಲ. ಅಭಿವೃದ್ಧಿ ಹೊಂದಿದ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿಯಲ್ಲಿ ಸ್ತ್ರೀಪುರುಷರ ವೇತನದ ಅಂತರ ಅತಿ ಹೆಚ್ಚಿರುವ ದೇಶ ಕೊರಿಯ; 2023ರಲ್ಲಿ ಅಲ್ಲಿನ ಫಲವಂತಿಕೆಯ ದರ 0.72ಕ್ಕೆ ಇಳಿದಿತ್ತು. ಮದುವೆ, ತಾಯ್ತನಗಳಿಂದ ಅಲ್ಲಿನ ಯುವತಿಯರು ಹಿಂಜರಿಯುತ್ತಿರುವ ಕಾಲದಲ್ಲಿಯೇ ಪ್ರೇಮದ ಧಾರಾವಾಹಿಗಳು ವಿಶ್ವಮಾನ್ಯವಾದುದು ವಿಪರ್ಯಾಸ.

5. ಬಂದ ದಾರಿ

ಭಾರತಕ್ಕೆ ಕೊರಿಯದ ಧಾರಾವಾಹಿಗಳು ಬಂದ ಮೊದಲ ದಾರಿಗಳಲ್ಲೊಂದು ಮಣಿಪುರ. ಅಲ್ಲಿ 2000ದಲ್ಲಿ ಬಂಡುಕೋರ ಸಂಘಟನೆಯೊಂದು ಹಿಂದಿ ಚಿತ್ರಗಳನ್ನು ನಿಷೇಧಿಸಿದ ಮೇಲೆ ತೆರವಾದ ಸ್ಥಾನವನ್ನು ಅರಿರಾಂಗ್ ಮೊದಲಾದ ಕೊರಿಯನ್ ವಾಹಿನಿಗಳು ತುಂಬಿದವು. ಮತ್ತೊಂದು ದಾರಿ ದೂರದರ್ಶನದ್ದು. 2006ರಲ್ಲಿ 'ಎಂಪರರ್ ಆಫ್ ದ ಸೀ', ಅನಂತರ 'ದೇ ಜಾಂಗ್ ಗೂಮ್' ಹಿಂದಿ ಧ್ವನಿಯಲ್ಲಿ ರಾಷ್ಟ್ರೀಯ ವಾಹಿನಿಯಲ್ಲಿ ಬಂದವು. 2004ರ ಡಿಸೆಂಬರಿನಲ್ಲಿ ಆರಂಭವಾಗಿದ್ದ, ತಿಂಗಳ ಶುಲ್ಕವಿಲ್ಲದ ಡಿಟಿಎಚ್ ಸೇವೆಯು ಕೇಬಲ್ ತಲುಪದ ಕಾಡಿನ ಊರುಗಳಿಗೂ ಆ ವಾಹಿನಿಯನ್ನು ಒಯ್ಯಬಲ್ಲದಾಗಿತ್ತು.

ಕನ್ನಡ ಧ್ವನಿಯಲ್ಲಿ ಅವು ಬರಲು ದಾರಿಯಿರಲಿಲ್ಲ. 1960ರ ದಶಕದ ಚಳವಳಿಯ ಫಲವಾಗಿ ಕನ್ನಡಕ್ಕೆ ಡಬ್ಬಿಂಗ್ ನಿಂತುಹೋಗಿತ್ತು. ಕನ್ನಡ ಚಿತ್ರೋದ್ಯಮವನ್ನು ಉಳಿಸಿಕೊಳ್ಳುವ ದೃಷ್ಟಿಯಿಂದ ಆ ನಿಲುವಿಗೆ ಅಂದು ಬಲವಾದ ಕಾರಣಗಳಿದ್ದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಕಾನೂನುಬಾಹಿರವೆಂದು ಆದೇಶಿಸಿತು. 2020ರಲ್ಲಿ ಚಿತ್ರೀಕರಣಗಳು ಸ್ಥಗಿತಗೊಂಡಾಗ 'ಮಹಾಭಾರತ'ದಂತಹ ಧಾರಾವಾಹಿಗಳು ಕನ್ನಡ ಧ್ವನಿಯಲ್ಲಿ ಬಂದವು. ಆ ವೇಳೆಗೆ ಕೊರಿಯದ ಪ್ರಣಯ ಕಥೆಗಳು ಮೊಬೈಲಿನ ಮೂಲಕ ಹಿಂದಿ ಧ್ವನಿ ಅಥವಾ ಇಂಗ್ಲಿಷ್ ಅಡಿಬರಹಗಳೊಡನೆ ನೆಲೆಯೂರಿದ್ದವು. 2019ಕ್ಕೆ ಹೋಲಿಸಿದರೆ 2020ರಲ್ಲಿ ಭಾರತದಲ್ಲಿ ಕೊರಿಯನ್ ಧಾರಾವಾಹಿಗಳ ವೀಕ್ಷಣೆ ಶೇ. 370ಕ್ಕೂ ಹೆಚ್ಚು ಬೆಳೆಯಿತೆಂದು ನೆಟ್‌ಫ್ಲಿಕ್ಸ್ ಸಂಸ್ಥೆ ಹೇಳಿಕೊಂಡಿತು.

ನಾಲ್ಕು ತಾಲ್ಲೂಕುಗಳ ಭಾಷಾ ಪರಿಸರವು ಇಲ್ಲಿ ಪ್ರಸ್ತುತವಾಗುತ್ತದೆ. ಮರಾಠಿಯ 'ತುಲಾ ಪಾಹತೆ ರೆ' ಕನ್ನಡದಲ್ಲಿ 'ಜೊತೆಜೊತೆಯಲಿ' (2019) ಆದಾಗ ಹಳಿಯಾಳದಂತಹ ಕಡೆ ಒಂದೇ ಕಥೆಯನ್ನು ಎರಡು ಭಾಷೆಗಳಲ್ಲಿ ನೋಡುವುದು ಸಾಧ್ಯವಾಯಿತು. ಮನೆಯಲ್ಲಿ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಾರ್ಖಾನೆಯ ಊರಿನಲ್ಲಿ ಹಿಂದಿ ಕೇಳಿ ಬೆಳೆದ ಯುವತಿಗೆ ಪ್ರೇಮದ ಮಾತು ಪರಭಾಷೆಯಲ್ಲಿ ಬರುವುದು ಅಡ್ಡಿಯಾಗದು. ಕೊರತೆಯಿರುವುದು ಬೇರೆ ಕಡೆ: ಆಕೆ ನೋಡುವ ನಾಯಕಿಯ ಪ್ರಶ್ನೆಗಳು ಕನ್ನಡದಲ್ಲಿ ಚರ್ಚೆಗೆ ಬರುವುದಿಲ್ಲ. 1947ರ ವಿಚ್ಛೇದನದ ಹಕ್ಕು, 1994ರ ಪಾಲಿನ ಹಕ್ಕು ಈ ನೆಲದಲ್ಲಿ ಕಾಗದದ ಮೇಲೆ ಬಹಳ ಹಿಂದೆಯೇ ಬಂದಿದ್ದರೂ ಅವುಗಳನ್ನು ಬದುಕಿನಲ್ಲಿ ಬಳಸಿದ ಪ್ರೇಮಿಯ ಕಥೆ ಕನ್ನಡದ ದೈನಿಕ ಧಾರಾವಾಹಿಯಲ್ಲಿ ವಿರಳ.

6. ಉಪಸಂಹಾರ

ಕೊರಿಯದ ಪ್ರಣಯ ಧಾರಾವಾಹಿಯ ನಾಯಕಿಯು ಸಹನೆಯಿಂದ ಕಣ್ಣೀರಿಗೆ, ಕಣ್ಣೀರಿನಿಂದ ವೃತ್ತಿಗೆ, ವೃತ್ತಿಯಿಂದ ಸ್ವಂತ ಹೆಸರಿಗೆ ಸಾಗಿದ ದಾರಿಯು ಆ ದೇಶದ ಕೌಟುಂಬಿಕ ಕಾನೂನಿನ ಬದಲಾವಣೆಯೊಡನೆ ಹೆಜ್ಜೆಹಾಕಿದೆ. ಕನ್ನಡದ ಲೇಖಕಿಯರು ಪ್ರೇಮ ಮತ್ತು ಆಸ್ತಿಯ ನಂಟನ್ನು ಬಹು ಮೊದಲೇ ಗುರುತಿಸಿದ್ದರು. ಪುಸ್ತಕ ಮತ್ತು ಬೆಳ್ಳಿತೆರೆಗಳಲ್ಲಿ ಹೊಳೆದ ಆ ತಿಳಿವು ಅಂತ್ಯವಿಲ್ಲದ ದೈನಿಕದಲ್ಲಿ ಮಸುಕಾಯಿತು. ಆದುದರಿಂದ ಕೊರಿಯದ ಕಥೆಗಳತ್ತ ಇಲ್ಲಿನ ಪ್ರೇಕ್ಷಕಿ ತಿರುಗಿರುವುದನ್ನು ಪರಕೀಯ ಮೋಹವೆಂದು ತಳ್ಳಿಹಾಕುವುದು ಉಚಿತವಲ್ಲ. ಮಿತಿಯುಳ್ಳ ಕಥೆ, ದುಡಿಯುವ ನಾಯಕಿ, ಆಕೆಯದೇ ಆದ ನಿರ್ಧಾರ ಇವು ಕನ್ನಡಕ್ಕೆ ಹೊಸವಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಂತಹ ಬಹುಭಾಷಿಕ ಪ್ರದೇಶಗಳ ಪ್ರೇಕ್ಷಕಿ ಏನನ್ನು ನೋಡುತ್ತಾಳೆ, ಯಾವ ಭಾಷೆಯಲ್ಲಿ ನೋಡುತ್ತಾಳೆ, ನೋಡಿದ್ದನ್ನು ತನ್ನ ಬದುಕಿನೊಡನೆ ಹೇಗೆ ಹೊಂದಿಸಿಕೊಳ್ಳುತ್ತಾಳೆ ಎಂಬ ಕ್ಷೇತ್ರಕಾರ್ಯವು ಮುಂದಿನ ಸಂಶೋಧಕರಿಗೆ ಕಾದಿದೆ. ಇಂದಿರೆಯ ನಿರಾಕರಣೆಯಿಂದ ಆ ಅಧ್ಯಯನ ತೊಡಗಿದರೆ ಕನ್ನಡದ ಕಥನ ಪರಂಪರೆಗೂ ಅದರಿಂದ ಪ್ರಯೋಜನವಾದೀತು.